ಹಳದಿ ಲಕೋಟೆ ಬಂದರೆ ಮೊದಲು ದಿನಾಂಕ ನೋಡಿ
ಜರ್ಮನಿಯಲ್ಲಿ ನೆಲೆಸಿರುವವರು ಟ್ರಾಫಿಕ್ ದಂಡದ ಪತ್ರವನ್ನು ನಿಭಾಯಿಸುವುದು ಹೇಗೆ?

ಜರ್ಮನಿಯಲ್ಲಿ ಟ್ರಾಫಿಕ್ ದಂಡ ಬೀಳುವಾಗ ಬಹಳ ಸಲ ಪೊಲೀಸರ ಮುಖವೇ ಕಾಣುವುದಿಲ್ಲ. ರಸ್ತೆ ಬದಿಯ ಕ್ಯಾಮೆರಾ ಕಂಬವೊಂದು ಕೆಂಪಗೆ ಮಿಂಚುತ್ತದೆ, ಅಷ್ಟೇ. ಜನರ ಬಾಯಲ್ಲಿ ಅದರ ಹೆಸರು ‘ಬ್ಲಿಟ್ಸರ್’. ಕೆಲವು ವಾರ ಕಳೆದ ಮೇಲೆ ಪತ್ರ ಬರುತ್ತದೆ. ಅಲ್ಲಿಂದಾಚೆಗೆ ಎಲ್ಲವೂ ಕಾಗದದ ಮೇಲೆ, ಜರ್ಮನ್ ಭಾಷೆಯಲ್ಲಿ, ಗಡುವಿನೊಳಗೆ ನಡೆಯಬೇಕು. ಹೊಸದಾಗಿ ಬಂದವರ ಕೈ ಕಚ್ಚುವುದು ದಂಡದ ಮೊತ್ತಕ್ಕಿಂತ ಹೆಚ್ಚಾಗಿ, ‘ಆಮೇಲೆ ನೋಡೋಣ’ ಎಂದು ಬದಿಗಿಟ್ಟ ಪತ್ರ.

ಆದ್ದರಿಂದ ಮೊದಲ ಕೆಲಸ ದಂಡ ಬೀಳುವುದಕ್ಕೂ ಮುಂಚಿನದು. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇರಲಿ. ಹಂಚಿಕೊಂಡ ಮನೆಯಲ್ಲಿ ಅಥವಾ ಒಳಬಾಡಿಗೆಗೆ ಇರುವವರು ಇದನ್ನು ಮರೆಯುತ್ತಾರೆ. ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರೇ ಉಳಿದರೆ ಪತ್ರ ವಾಪಸಾಗುತ್ತದೆ, ಇಲ್ಲವೇ ಬೇರೆಯವರ ಕೈ ಸೇರುತ್ತದೆ. ಮನೆ ಬದಲಿಸಿದರೆ ಎರಡು ವಾರದೊಳಗೆ ಹೊಸ ವಿಳಾಸ ನೋಂದಾಯಿಸಬೇಕು, ಸ್ವಂತ ಕಾರಿದ್ದರೆ ಅದರ ದಾಖಲೆಯಲ್ಲೂ ವಿಳಾಸ ಬದಲಿಸಬೇಕು.

ಬಂದದ್ದು ಯಾವ ಪತ್ರ?

ಎಲ್ಲ ಪತ್ರವೂ ದಂಡದ ಆದೇಶವಲ್ಲ. ತಲೆಬರಹ ಓದಿದರೆ ಅರ್ಧ ಗೊಂದಲ ಕಳೆಯುತ್ತದೆ.

‘ಫೆರ್‌ವಾರ್ನುಂಗ್’ ಎಂದಿದ್ದರೆ ಅದು ಸಣ್ಣ ತಪ್ಪಿಗೆ ಎಚ್ಚರಿಕೆಯ ದಂಡ. 5ರಿಂದ 55 ಯೂರೋವರೆಗೆ. ಲೈಸೆನ್ಸಿಗೆ ಕುತ್ತು ತರುವ ತಪ್ಪಿನ ಪಾಯಿಂಟ್ ಇಲ್ಲ, ಮೇಲುಶುಲ್ಕ ಇಲ್ಲ. ತಪ್ಪು ನಿಮ್ಮದೇ ಆಗಿದ್ದರೆ ಸಾಮಾನ್ಯವಾಗಿ ಕೊಡುವ ಒಂದು ವಾರದೊಳಗೆ ಪೂರ್ತಿ ಹಣ ಕಟ್ಟಿ, ಅಲ್ಲಿಗೆ ಮುಗಿಯಿತು. ವಿವರಣೆಯ ಪತ್ರ ಬರೆಯುವ ಅಗತ್ಯವಿಲ್ಲ. ಗಡುವು ಮೀರಿದರೆ ಅಥವಾ ಕಡಿಮೆ ಕಟ್ಟಿದರೆ ಅದೇ ತಪ್ಪು ದೊಡ್ಡ ಪ್ರಕ್ರಿಯೆಗೆ ಹೋಗುತ್ತದೆ. ಆಗ ಕಚೇರಿ ಶುಲ್ಕ ಮತ್ತು ಅಂಚೆ ವೆಚ್ಚವೆಂದು ಇನ್ನೂ 30 ಯೂರೋ ಆಸುಪಾಸು ಸೇರಿಕೊಳ್ಳುತ್ತದೆ. 20 ಯೂರೋ ಪಾರ್ಕಿಂಗ್ ದಂಡಕ್ಕೆ 30 ಯೂರೋ ಶುಲ್ಕ ಕೊಟ್ಟವರು ಬೇಕಾದಷ್ಟಿದ್ದಾರೆ.

‘ಆನ್‌ಹೋರುಂಗ್’ ಎಂದಿದ್ದರೆ ಇನ್ನೂ ದಂಡ ಹಾಕಿಲ್ಲ. ಆರೋಪ ಹೀಗಿದೆ, ನಿಮ್ಮ ಮಾತೇನು ಎಂದು ಕೇಳುವ ನಮೂನೆ ಅದು. ಇಲ್ಲಿ ಎರಡು ಭಾಗಗಳಿರುತ್ತವೆ. ಹೆಸರು, ಹುಟ್ಟಿದ ದಿನ, ವಿಳಾಸ ಇತ್ಯಾದಿ ಸರಿಯಾಗಿ ಕೊಡುವುದು ಕಡ್ಡಾಯ, ಸುಳ್ಳು ಕೊಟ್ಟರೆ ಅದೇ ಬೇರೆ ತಪ್ಪು. ಆದರೆ ಘಟನೆಯ ಬಗ್ಗೆ ಬರೆಯಲೇಬೇಕು ಅಂತಿಲ್ಲ. ಅನುಮಾನವಿದ್ದರೆ ಆ ಭಾಗವನ್ನು ಖಾಲಿ ಬಿಡುವುದೇ ಮೇಲು. ‘ಸಾರಿ, ಆಫೀಸಿಗೆ ತಡವಾಗಿತ್ತು’ ಎಂದು ಬರೆದರೆ ಕನಿಕರ ಹುಟ್ಟುವುದಿಲ್ಲ, ತಪ್ಪೊಪ್ಪಿಗೆಯಾಗಿ ಫೈಲಿಗೆ ಸೇರುತ್ತದೆ.

ಕಾರು ನಿಮ್ಮ ಹೆಸರಿನಲ್ಲಿದ್ದು ಫೋಟೋದಲ್ಲಿ ಬೇರೆಯವರ ಮುಖವಿದ್ದರೆ ನಿಮಗೆ ಬರುವುದು ಸಾಕ್ಷಿಯ ಪ್ರಶ್ನಾವಳಿ. ಇಲ್ಲಿ ಚಲಾಯಿಸಿದವರೇ ದಂಡಕ್ಕೆ ಹೊಣೆ, ಕಾರಿನ ಮಾಲೀಕರಲ್ಲ. ಗಂಡ, ಹೆಂಡತಿ ಅಥವಾ ಹತ್ತಿರದ ಸಂಬಂಧಿ ಓಡಿಸಿದ್ದರೆ ಅವರ ಹೆಸರು ಹೇಳದಿರುವ ಹಕ್ಕು ನಿಮಗಿದೆ. ಹಾಗೆಂದು ಊರಿಗೆ ಹಿಂತಿರುಗಿದ ಗೆಳೆಯನ ಹೆಸರು ಬರೆದು ಕೈತೊಳೆದುಕೊಳ್ಳುವ ಉಪಾಯ ಬೇಡ. ಗೊತ್ತಿದ್ದೂ ಬೇರೊಬ್ಬರ ಮೇಲೆ ತಪ್ಪು ಹೊರಿಸುವುದು ಸಣ್ಣ ದಂಡದ ವಿಷಯವನ್ನು ಕ್ರಿಮಿನಲ್ ಕೇಸಿನ ಬಾಗಿಲಿಗೆ ಒಯ್ಯಬಹುದು. ಓಡಿಸಿದವರು ಯಾರೆಂದು ಪತ್ತೆಯೇ ಆಗದಿದ್ದರೆ ಮುಂದೆ ಪ್ರತಿ ಪ್ರಯಾಣವನ್ನೂ ಪುಸ್ತಕದಲ್ಲಿ ಬರೆದಿಡಿ ಎಂದು ಮಾಲೀಕರಿಗೆ ಆದೇಶ ಬರುವುದೂ ಉಂಟು.

ಬಾಡಿಗೆ ಕಾರಿನಲ್ಲಾದರೆ ಮೊದಲ ಪತ್ರ ಹೋಗುವುದು ಕಂಪನಿಗೆ. ಕಂಪನಿ ನಿಮ್ಮ ಹೆಸರು ಕೊಟ್ಟು, ಒಪ್ಪಂದದ ಪ್ರಕಾರ ತನ್ನ ಶುಲ್ಕವನ್ನು ನಿಮ್ಮ ಕಾರ್ಡಿನಿಂದ ಹಿಡಿದುಕೊಳ್ಳುತ್ತದೆ. ಅದು ಕಂಪನಿಯ ಶುಲ್ಕ ಮಾತ್ರ. ದಂಡ ಕಟ್ಟಿಯಾಯಿತು ಎಂದು ನೆಮ್ಮದಿಯಿಂದ ಇರಬೇಡಿ, ದಂಡದ ಪತ್ರ ಬೇರೆಯೇ ಬರುತ್ತದೆ.

ಹಳದಿ ಲಕೋಟೆ

ಮೂರನೆಯದು ‘ಬೂಸ್‌ಗೆಲ್ಡ್‌ಬೆಶೈಡ್’, ಅಂದರೆ ದಂಡದ ಅಧಿಕೃತ ಆದೇಶ. ಸಾಮಾನ್ಯವಾಗಿ ಹಳದಿ ಲಕೋಟೆಯಲ್ಲಿ ಬರುತ್ತದೆ. ನೀವು ಸಹಿ ಹಾಕಬೇಕಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅಂಚೆಯವರು ಲಕೋಟೆಯ ಮೇಲೆ ದಿನಾಂಕ ಬರೆದು ಪೆಟ್ಟಿಗೆಗೆ ಹಾಕಿಹೋದರೆ ಸಾಕು, ಕಾನೂನಿನ ಪ್ರಕಾರ ಅದು ತಲುಪಿದಂತೆಯೇ. ಗಡುವು ಎಣಿಕೆಯಾಗುವುದು ಲಕೋಟೆಯ ಮೇಲಿನ ಆ ಕೈಬರಹದ ದಿನಾಂಕದಿಂದ, ಒಳಗಿನ ಪತ್ರದ ದಿನಾಂಕದಿಂದಲ್ಲ. ಹಾಗಾಗಿ ಲಕೋಟೆಯನ್ನು ಹರಿದು ಬಿಸಾಡಬೇಡಿ, ಫೋಟೋ ತೆಗೆದು ಪತ್ರದ ಜೊತೆಗೇ ಇಟ್ಟುಕೊಳ್ಳಿ.

ಆಕ್ಷೇಪಣೆಗೆ ಎರಡು ವಾರ. ಮಂಗಳವಾರ 3ನೇ ತಾರೀಖು ತಲುಪಿದ್ದರೆ ಮಂಗಳವಾರ 17ರ ರಾತ್ರಿಯೊಳಗೆ ನಿಮ್ಮ ಆಕ್ಷೇಪಣೆ ಆದೇಶ ಕಳಿಸಿದ ಕಚೇರಿಯಲ್ಲಿ ಇರಬೇಕು. ಅಂದು ಅಂಚೆಗೆ ಹಾಕಿದರೆ ಸಾಲದು. ಕೊನೆಯ ದಿನ ಶನಿವಾರ, ಭಾನುವಾರ ಅಥವಾ ರಜೆಯಾದರೆ ಮುಂದಿನ ಕೆಲಸದ ದಿನದವರೆಗೆ ಅವಕಾಶ. ಪತ್ರ ಜರ್ಮನ್‌ನಲ್ಲಿದೆ, ನನಗೆ ಓದಲು ಬರುವುದಿಲ್ಲ ಎಂದು ಗಡಿಯಾರ ನಿಲ್ಲುವುದಿಲ್ಲ.

ನಿಲ್ಲದ ಗಡಿಯಾರಕ್ಕೆ ಒಂದೇ ರಿಯಾಯಿತಿ ಇದೆ. ರಜೆಗೆ ಊರಿಗೆ ಹೋಗಿದ್ದಾಗ ಪತ್ರ ಬಂದು ಗಡುವು ಮುಗಿದಿದ್ದರೆ, ವಾಪಸು ಬಂದು ವಿಷಯ ತಿಳಿದ ಒಂದು ವಾರದೊಳಗೆ ‘ಹಿಂದಿನ ಸ್ಥಿತಿಗೆ ತನ್ನಿ’, ಅಂದರೆ ಗಡುವು ಮೀರಿದ್ದನ್ನು ಮನ್ನಿಸಿ ಎಂದು ಅರ್ಜಿ ಕೊಡಬಹುದು. ವಿಮಾನದ ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆ ಲಗತ್ತಿಸಿ. ಆಕ್ಷೇಪಣೆಯನ್ನೂ ಅದೇ ವಾರದಲ್ಲಿ ಸಲ್ಲಿಸಿಬಿಡಬೇಕು, ಅದಕ್ಕೆ ಮತ್ತೆ ಎರಡು ವಾರ ಸಿಗುವುದಿಲ್ಲ.

ಒಂದು ಎಚ್ಚರ: ಕಳಿಸಿದವರು ‘ಆಮ್ಟ್ಸ್‌ಗೆರಿಖ್ಟ್’, ತಲೆಬರಹ ‘ಶ್ಟ್ರಾಫ್‌ಬೆಫೇಲ್’ ಎಂದಿದ್ದರೆ ಅದು ಟ್ರಾಫಿಕ್ ದಂಡವಲ್ಲ, ಕೋರ್ಟಿನ ಕ್ರಿಮಿನಲ್ ಆದೇಶ. ಲಕೋಟೆ ಅದೇ ಬಣ್ಣದ್ದು, ಗಡುವೂ ಎರಡೇ ವಾರ. ಅದನ್ನು ಹಿಡಿದು ನೇರ ವಕೀಲರ ಬಳಿ ಹೋಗಿ.

ಲೆಕ್ಕ ಸರಿಯಿದೆಯೇ ನೋಡಿ

ಹಣ ಕಟ್ಟುವ ಮುಂಚೆ ಆದೇಶದಲ್ಲಿನ ಸ್ಥಳ, ಸಮಯ, ವಾಹನ ಸಂಖ್ಯೆ, ಫೋಟೋ ನೋಡಿ. ವೇಗದ ಲೆಕ್ಕದಲ್ಲಿ ಅಳತೆಯ ತಪ್ಪಿಗೆಂದು ಸ್ವಲ್ಪ ಕಳೆದಿರಬೇಕು. ಮಾಮೂಲಿ ಕ್ಯಾಮೆರಾಗಳಲ್ಲಿ ಗಂಟೆಗೆ 100 ಕಿ.ಮೀ.ವರೆಗೆ 3 ಕಿ.ಮೀ., ಅದಕ್ಕಿಂತ ಹೆಚ್ಚಿದ್ದರೆ ಶೇ 3. ಆ ಮೂರು ಕಿ.ಮೀ. ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ ನೋಡಿ. ಊರೊಳಗಿನ 30ರ ವಲಯದಲ್ಲಿ ಕ್ಯಾಮೆರಾ 53 ತೋರಿಸಿದರೆ 3 ಕಳೆದು 50, ಅಂದರೆ ಮಿತಿಗಿಂತ 20 ಹೆಚ್ಚು: ದಂಡ 70 ಯೂರೋ, ಪಾಯಿಂಟ್ ಇಲ್ಲ. ಅದೇ 54 ತೋರಿಸಿದರೆ 51, ಅಂದರೆ 21 ಹೆಚ್ಚು: ದಂಡ 115 ಯೂರೋ ಮತ್ತು ಚಾಲಕರ ತಪ್ಪುಗಳನ್ನು ದಾಖಲಿಸುವ ಫ್ಲೆನ್ಸ್‌ಬುರ್ಗ್‌ ನಗರದ ರಿಜಿಸ್ಟರಿನಲ್ಲಿ 1 ಪಾಯಿಂಟ್. ಜಗಳವಾಡುವುದಿದ್ದರೆ ಇಂಥ ಅಂಚಿನಲ್ಲಿ ಆಡಬೇಕು. 30 ಯೂರೋ ದಂಡಕ್ಕೆ ಕೋರ್ಟ್ ಮೆಟ್ಟಿಲು ಹತ್ತುವುದು ಹಟಕ್ಕೆ ಸರಿ, ಜೇಬಿಗಲ್ಲ.

ವೇಗದ ಈ ದರಗಳು 2021ರ ನವೆಂಬರ್‌ನಲ್ಲಿ ಏರಿದವು. ಊರೊಳಗೆ 31ರಿಂದ 40 ಕಿ.ಮೀ. ಹೆಚ್ಚಿಗೆ ಓಡಿಸಿದರೆ 260 ಯೂರೋ, 2 ಪಾಯಿಂಟ್, ಜೊತೆಗೆ ಒಂದು ತಿಂಗಳು ವಾಹನ ಮುಟ್ಟುವಂತಿಲ್ಲ. ಚಲಾಯಿಸುವಾಗ ಮೊಬೈಲ್ ಕೈಯಲ್ಲಿದ್ದರೆ 100 ಯೂರೋ, 1 ಪಾಯಿಂಟ್. ಕೆಂಪು ದೀಪ ಬಿದ್ದು ಒಂದು ಸೆಕೆಂಡ್ ಮೀರಿದ ಮೇಲೆ ದಾಟಿದರೆ 200 ಯೂರೋ, 2 ಪಾಯಿಂಟ್, ಒಂದು ತಿಂಗಳ ನಿಷೇಧ. 8 ಪಾಯಿಂಟ್ ಆದರೆ ಲೈಸೆನ್ಸೇ ಹೋಗುತ್ತದೆ. ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಫ್ಲೆನ್ಸ್‌ಬುರ್ಗ್‌ನ ಮೋಟಾರು ವಾಹನ ಇಲಾಖೆಯನ್ನು ಉಚಿತವಾಗಿ ಕೇಳಬಹುದು.

ಸೈಕಲ್ ಹೊಡೆಯುವ ವಿದ್ಯಾರ್ಥಿಗಳು ಇದೆಲ್ಲ ಕಾರಿನವರ ಪಾಡು ಎಂದುಕೊಳ್ಳುತ್ತಾರೆ. ಸೈಕಲ್‌ನಲ್ಲಿ ಕೆಂಪು ದೀಪ ದಾಟಿದರೆ ಕನಿಷ್ಠ 60 ಯೂರೋ ಮತ್ತು 1 ಪಾಯಿಂಟ್, ಲೈಸೆನ್ಸ್ ಇಲ್ಲದಿದ್ದರೂ. ಬಾಡಿಗೆ ಇ-ಸ್ಕೂಟರಿಗೆ ಮದ್ಯದ ಮಿತಿ ಕಾರಿನದ್ದೇ.

ಕಟ್ಟುವುದು, ಆಕ್ಷೇಪಿಸುವುದು

ಕಟ್ಟುವುದು ಬ್ಯಾಂಕ್ ವರ್ಗಾವಣೆಯಲ್ಲಿ. ಇಲ್ಲಿ ಆಗುವ ಎಡವಟ್ಟು ಒಂದೇ: ‘ಆಕ್ಟನ್‌ತ್ಸೈಖನ್’ ಎಂಬ ಫೈಲ್ ನಂಬರನ್ನು ಬರೆಯದೇ ಇರುವುದು ಅಥವಾ ಒಂದು ಅಂಕಿ ತಪ್ಪುವುದು. ಹಣ ಹೋಗಿರುತ್ತದೆ, ಯಾರ ದಂಡವೆಂದು ಕಚೇರಿಗೆ ತಿಳಿಯುವುದಿಲ್ಲ, ನಿಮಗೆ ನೆನಪೋಲೆ ಬರುತ್ತದೆ. ಪತ್ರದಲ್ಲಿ ಇರುವಂತೆಯೇ ಚುಕ್ಕಿ, ಅಡ್ಡಗೆರೆ ಸಮೇತ ಬರೆಯಿರಿ. ಕಾರಿನ ಗಾಜಿಗೆ ಸಿಕ್ಕಿಸಿದ ಕ್ಯೂಆರ್ ಕೋಡ್, ಇ-ಮೇಲ್‌ನಲ್ಲಿ ಬಂದ ‘ದಂಡ’ದ ಲಿಂಕ್ ಇವುಗಳಲ್ಲಿ ವಂಚಕರದ್ದೂ ಇರುತ್ತವೆ. ಅನುಮಾನ ಬಂದರೆ ನಗರದ ಕಚೇರಿಗೆ ಫೋನ್ ಮಾಡಿ ಫೈಲ್ ನಂಬರ್ ಕೇಳಿ, ಆಮೇಲೆ ಹಣ ಕಳಿಸಿ.

ಆಕ್ಷೇಪಣೆಯ ಹೆಸರು ‘ಐನ್‌ಶ್ಪ್ರುಖ್’. ಕಾರಣ ಕೊಡಲೇಬೇಕೆಂದಿಲ್ಲ. ಫೈಲ್ ನಂಬರ್, ಆದೇಶದ ದಿನಾಂಕ, ‘ಈ ಆದೇಶಕ್ಕೆ ಆಕ್ಷೇಪ ಸಲ್ಲಿಸುತ್ತೇನೆ’ ಎಂಬ ಒಂದು ಜರ್ಮನ್ ವಾಕ್ಯ, ಸಹಿ. ಮಾಮೂಲಿ ಇ-ಮೇಲ್ ನಂಬಿಕೊಳ್ಳಬೇಡಿ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ಅಥವಾ ಕಚೇರಿಗೇ ಹೋಗಿ ಬರೆಸಿ. ಯಾವ ವಿಳಾಸ, ಯಾವ ವಿಧಾನ ಎನ್ನುವುದು ಆದೇಶದಲ್ಲೇ ಅಚ್ಚಾಗಿರುತ್ತದೆ. ಕಚೇರಿ ಒಪ್ಪದಿದ್ದರೆ ಫೈಲು ಪ್ರಾಸಿಕ್ಯೂಟರ್ ಮೂಲಕ ಕೋರ್ಟಿಗೆ ಹೋಗುತ್ತದೆ. ಅಲ್ಲಿ ದಂಡ ಕಡಿಮೆಯಾಗಬಹುದು, ಹೆಚ್ಚಲೂಬಹುದು. ಸೋತರೆ ಕೋರ್ಟ್ ಖರ್ಚೂ ನಿಮ್ಮದೇ. ತಪ್ಪು ನಡೆದ ಮೂರು ತಿಂಗಳೊಳಗೆ ನಿಮ್ಮ ಹೆಸರಿಗೆ ಯಾವ ಕ್ರಮವೂ ಹೊರಡದಿದ್ದರೆ ಮಾಮೂಲಿ ಟ್ರಾಫಿಕ್ ಪ್ರಕರಣ ಕಾಲಬಾಧಿತವಾಗುತ್ತದೆ. ತಡವಾಗಿ ಬಂದ ಪತ್ರದಲ್ಲಿ ಇದನ್ನೂ ಎಣಿಸಿ ನೋಡಿ. ಆನ್‌ಹೋರುಂಗ್ ಪತ್ರ ನಿಮ್ಮ ಹೆಸರಿಗೆ ಹೊರಟರೆ ಎಣಿಕೆ ಮತ್ತೆ ಮೊದಲಿನಿಂದ ಶುರು.

ಭಾಷೆ ಬರದವರಿಗೆ ಕೋರ್ಟಿನಲ್ಲಿ ದುಭಾಷಿ ಸಿಗುತ್ತಾರೆ, ಖರ್ಚು ನಿಮ್ಮದಲ್ಲ. ಇದು ಒಬ್ಬ ವಲಸಿಗ ಹೋರಾಡಿ ಪಡೆದ ಹಕ್ಕು. ಜರ್ಮನಿಯಲ್ಲಿ ನೆಲೆಸಿದ್ದ ಟರ್ಕಿಯ ಪ್ರಜೆ ಓಝ್‌ಟುರ್ಕ್ ಅವರಿಗೆ 1978ರಲ್ಲಿ ಸಣ್ಣ ಅಪಘಾತಕ್ಕೆ 60 ಮಾರ್ಕ್ ದಂಡ ಬಿದ್ದಿತ್ತು. ದುಭಾಷಿಯ ಖರ್ಚೆಂದು ಕೋರ್ಟು ಅದಕ್ಕಿಂತ ಹೆಚ್ಚು, 63.90 ಮಾರ್ಕ್ ಕೇಳಿತು. ಪ್ರಕರಣ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ, 1984ರಲ್ಲಿ ಅವರ ಪರವಾಗಿ ತೀರ್ಪು ಬಂತು.

ಒಮ್ಮೆಲೇ ಕಟ್ಟಲು ಆಗದಿದ್ದರೆ ಗಡುವಿನೊಳಗೆ ಬರೆದು ತಿಳಿಸಿ, ಸಂಬಳದ ಚೀಟಿ ಅಥವಾ ವಿದ್ಯಾರ್ಥಿ ದಾಖಲೆ ಲಗತ್ತಿಸಿ, ಕಂತು ಕೇಳಿ. ಸಿಗುವ ಸಾಧ್ಯತೆಯಿದೆ. ಬಾಯಿ ಮುಚ್ಚಿಕೊಂಡಿದ್ದರೆ ಮಾತ್ರ ಅಪಾಯ. ಕಟ್ಟಲೂ ಇಲ್ಲ, ಆಗದ ಕಾರಣ ಹೇಳಲೂ ಇಲ್ಲ ಎಂದಾದರೆ ಕೋರ್ಟು ಒಂದು ದಂಡಕ್ಕೆ ಆರು ವಾರಗಳವರೆಗೆ ಬಂಧನದಲ್ಲಿಡಬಹುದು. ಒಳಗಿದ್ದು ಬಂದರೂ ದಂಡ ತೀರುವುದಿಲ್ಲ.

ರಸ್ತೆಯಲ್ಲೇ ತಡೆದರೆ

ಪೊಲೀಸರು ತಡೆದಾಗ ಸಣ್ಣ ದಂಡವನ್ನು ಅಲ್ಲೇ ಕಾರ್ಡಿನಲ್ಲಿ ಕಟ್ಟಿ ಎನ್ನಬಹುದು. ರಸೀದಿ ಪಡೆಯಿರಿ. ಒಪ್ಪದಿದ್ದರೆ ‘ಪತ್ರ ಕಳಿಸಿ’ ಎನ್ನಬಹುದು, ವಾದ ಬೇಕಿಲ್ಲ. ‘ಸ್ವಲ್ಪ ನೋಡಿ ಸಾರ್’ ಎಂದು ನೋಟು ಚಾಚುವ ಆಲೋಚನೆಯೂ ಬೇಡ, ಅದು ಇಲ್ಲಿ ಲಂಚದ ಕೇಸು. ಸೂಪರ್ ಮಾರ್ಕೆಟ್ ಅಂಗಳದಲ್ಲಿ ಗಾಜಿಗೆ ಸಿಕ್ಕಿಸಿದ ಚೀಟಿ ಪೊಲೀಸರದ್ದಲ್ಲ, ಖಾಸಗಿ ಕಂಪನಿಯದು. ಅಲ್ಲಿ ಬಂದ ಸಮಯ ತೋರಿಸಲು ಕಾರಿನ ಗಾಜಿನ ಹಿಂದೆ ಇಡುವ ನೀಲಿ ಪಾರ್ಕಿಂಗ್ ಡಿಸ್ಕನ್ನು ಬಂದ ಸಮಯದ ನಂತರದ ಅರ್ಧ ಗಂಟೆಗೆ ತಿರುಗಿಸಿಡಬೇಕು. 10:10ಕ್ಕೆ ಬಂದರೆ 10:30ಕ್ಕೆ.

ಭಾರತದ ಲೈಸೆನ್ಸ್

ದಂಡಕ್ಕಿಂತ ದೊಡ್ಡ ಗುಂಡಿ ಇದು. ಜರ್ಮನಿಯಲ್ಲಿ ವಾಸ ಶುರುವಾದ ದಿನದಿಂದ ಆರು ತಿಂಗಳು ಮಾತ್ರ ಭಾರತದ ಲೈಸೆನ್ಸ್ ನಡೆಯುತ್ತದೆ, ಅದೂ ಅನುವಾದ ಅಥವಾ ಅಂತರರಾಷ್ಟ್ರೀಯ ಪರ್ಮಿಟ್ ಜೊತೆಗಿದ್ದರೆ. ಒಂದು ವರ್ಷದೊಳಗೆ ಹೊರಡುವವರು ಎಂದು ತೋರಿಸಿದರೆ ವಿಸ್ತರಣೆ ಕೇಳಬಹುದು. ಉಳಿದವರು ಥಿಯರಿ, ಪ್ರಾಕ್ಟಿಕಲ್ ಎರಡೂ ಪರೀಕ್ಷೆ ಪಾಸಾಗಬೇಕು. ಏಳನೇ ತಿಂಗಳು ಸಿಕ್ಕಿಬಿದ್ದರೆ ಅದು ಲೈಸೆನ್ಸ್ ಇಲ್ಲದೆ ಓಡಿಸಿದ ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ ಜುಲ್ಮಾನೆ. ಗೊತ್ತಿದ್ದೂ ಕೀಲಿ ಕೊಟ್ಟ ಮಾಲೀಕರಿಗೂ ಶಿಕ್ಷೆ. ಮೊದಲು ಹೇಳಿದ ಶ್ಟ್ರಾಫ್‌ಬೆಫೇಲ್ ಬರುವ ದಾರಿಗಳಲ್ಲಿ ಇದೂ ಒಂದು. ಮಾಮೂಲಿ ಟ್ರಾಫಿಕ್ ದಂಡ ಕ್ರಿಮಿನಲ್ ಶಿಕ್ಷೆಯಲ್ಲ, ಆದರೆ ಇದು ಶಿಕ್ಷೆ. ಪೌರತ್ವದ ಅರ್ಜಿಯಲ್ಲಿ ಇದರ ಪ್ರಶ್ನೆ ಏಳುತ್ತದೆ.

ದೇಶ ಬಿಡುವಾಗ

ಬಾಕಿ ದಂಡ ಇಟ್ಟುಕೊಂಡು ವಿಮಾನ ಹತ್ತಬೇಡಿ. ಬೇರೆ ಯುರೋಪಿಯನ್ ಒಕ್ಕೂಟದ ದೇಶಕ್ಕೆ ಕೆಲಸ ಬದಲಿಸಿದರೆ, ಶುಲ್ಕ ಸೇರಿ 70 ಯೂರೋ ಮುಟ್ಟಿದ ದಂಡವನ್ನು ಅಲ್ಲಿಯೂ ವಸೂಲಿ ಮಾಡಬಹುದು. ಊರಿಗೆ ಮರಳುವವರು ನೋಂದಣಿ ರದ್ದು ಮಾಡಿಸುವ ಮುಂಚೆ ಕಚೇರಿಗೆ ಭಾರತದ ವಿಳಾಸ ತಿಳಿಸಿ, ಜರ್ಮನ್ ಬ್ಯಾಂಕ್ ಖಾತೆ ಮುಚ್ಚುವ ಮುಂಚೆ ಹಣ ಕಟ್ಟಿ. 1,000 ಯೂರೋವರೆಗಿನ ದಂಡಕ್ಕೆ ಆದೇಶ ಅಂತಿಮವಾದ ಮೇಲೆ ಮೂರು ವರ್ಷ ವಸೂಲಿಯ ಅವಧಿ ಇರುತ್ತದೆ. ಅಷ್ಟರೊಳಗೆ ಕಂಪನಿ ಕೆಲಸಕ್ಕೆಂದು ಮತ್ತೆ ಬಂದಿಳಿದರೆ ಹಳೆಯ ಬಾಕಿ ಜೀವಂತವಾಗಿಯೇ ಇರುತ್ತದೆ.