ನಾಟಕ ಬರೆಯುವುದು ಕಲಿಯಬೇಕೇ? ಸೈಡ್ ವಿಂಗ್‌ನಲ್ಲಿ ಸ್ಟೂಲ್ ಹಾಕಿಕೊಂಡು ಕೂತುಕೊಳ್ಳಿ

ಪ್ರತಿ ವರ್ಷ ಬೇಸಿಗೆ ಹತ್ತಿರ ಬಂದಂತೆ ನಮ್ಮ ತಾಲೀಮಿನ ಜಾಗಕ್ಕೆ ಮೂರ್ನಾಲ್ಕು ಹುಡುಗ ಹುಡುಗಿಯರು ಬರುತ್ತಾರೆ. ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತದೆ: “ಸರ, ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಯಾವಾಗ ಕೊಡ್ತೀರಿ?” ಯಾವ ನಾಟಕ ನಡೆದಿದೆ, ಯಾರು ಬರೆದದ್ದು ಎಂದು ಕೇಳಿದವರು ಹತ್ತು ವರ್ಷದಲ್ಲಿ ಇಬ್ಬರೋ ಮೂವರೋ. ಧಾರವಾಡದಲ್ಲಿ ಕೂತು ನಾಟಕ, ಬರವಣಿಗೆ ಓದುವ ಮಕ್ಕಳು ತಂಡದ ಜೊತೆ ಕೆಲಸ ಮಾಡಿ ಕಲಿಯುವ ಇಂಥ ಅವಕಾಶ ಕೈಬಿಡುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು: ಯಾವ ಕೋರ್ಸು?

ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳಲ್ಲಿ ನಾಟಕ ಮತ್ತು ಸೃಜನಶೀಲ ಬರವಣಿಗೆ ಸೇರಿಸಿ ಒಂದೇ ಪದವಿ ಓದಬಹುದು. ಕೆಲವು ಕಡೆ ಮೂರು ವರ್ಷದ ಓದಿನ ನಡುವೆ ಒಂದು ಪೂರ್ತಿ ವರ್ಷ ಹೊರಗೆ ಕೆಲಸ ಮಾಡಿ ಬರುವ ಏರ್ಪಾಡೂ ಇದೆ. ಆಗ ಪದವಿಗೆ ನಾಲ್ಕು ವರ್ಷ ಹಿಡಿಯುತ್ತದೆ. ನಮ್ಮಲ್ಲಿ ಅದನ್ನು ನಾವೇ ಜೋಡಿಸಿಕೊಳ್ಳಬೇಕು. ಬಿ.ಎ.ಯಲ್ಲಿ ಕನ್ನಡವನ್ನೋ ಇಂಗ್ಲಿಷನ್ನೋ ತಗೊಂಡು, ಸಂಜೆ ನಾಟಕದ ತಂಡಕ್ಕೆ ಹೋಗುವುದು ಒಂದು ದಾರಿ. ಪದವಿ ಮುಗಿಸಿ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡುವುದು ಇನ್ನೊಂದು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೇಲೆ ಕಣ್ಣಿದ್ದರೆ ಪದವಿಯ ಜೊತೆಗೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ.

ವಿಷಯ ಯಾವುದಾದರೂ ನಡೆದೀತು. ಶ್ರೀರಂಗರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಸಂಸ್ಕೃತ, ಬರೆದದ್ದು ನಾಟಕ. ಗಿರೀಶ ಕಾರ್ನಾಡರು ಅದೇ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ಮೂರು ವರ್ಷ ಕಳೆದು, 1961ರಲ್ಲಿ, ಅವರ ಮೊದಲ ನಾಟಕವನ್ನು ಇದೇ ಊರಿನ ಮನೋಹರ ಗ್ರಂಥಮಾಲೆ ಅಚ್ಚು ಹಾಕಿತು.

ಏಳು ದಿನದಲ್ಲಿ ನಟರನ್ನಾಗಿ ಮಾಡುತ್ತೇವೆ, ಸೀರಿಯಲ್ಲಿನಲ್ಲಿ ಚಾನ್ಸ್ ಕೊಡಿಸುತ್ತೇವೆ ಎನ್ನುವ ಶಿಬಿರಗಳ ಪೋಸ್ಟರ್ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಕಂಡರೆ ಮುಂದೆ ನಡೆಯಿರಿ.

ಎರಡನೆಯದು: ಇಂಟರ್ನ್‌ಶಿಪ್ ಎಲ್ಲಿ ಕೇಳಬೇಕು?

ಧಾರವಾಡದಲ್ಲಿ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ. 1950ರಿಂದ ಆಕಾಶವಾಣಿ ಕೇಂದ್ರವಿದೆ. ರೇಡಿಯೊ ನಾಟಕದಲ್ಲಿ ಬಣ್ಣವೂ ಇಲ್ಲ, ಪರದೆಯೂ ಇಲ್ಲ, ಮಾತು ಒಂದೇ. ಬರೆಯುವವರು ಅಲ್ಲಿನ ಒಂದು ರೆಕಾರ್ಡಿಂಗ್ ಆದರೂ ನೋಡಬೇಕು. ಹಾವೇರಿ ಕಡೆಯವರಾದರೆ ಹಾನಗಲ್ ತಾಲ್ಲೂಕಿನ ಶೇಷಗಿರಿಗೆ ಹೋಗಿ ಬನ್ನಿ. ಸಣ್ಣ ಹಳ್ಳಿ, ಹೊಲದ ಕೆಲಸ ಮುಗಿಸಿ ಬಂದವರೇ ಅಲ್ಲಿ ನಟರು. ಗದಗಿನವರಿಗೆ ವೀರೇಶ್ವರ ಪುಣ್ಯಾಶ್ರಮದ ನಾಟ್ಯ ಸಂಘದ ಕಥೆ ಹೇಳಬೇಕಿಲ್ಲ. ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ, ಆದರೂ ಆ ಕಂಪನಿಗೆ ನಾಟಕ ಬರೆದುಕೊಟ್ಟರು. ಮಾತು ಕಿವಿಗೆ ಹೇಗೆ ಬೀಳುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಹವ್ಯಾಸಿ ತಂಡವೋ ವೃತ್ತಿ ಕಂಪನಿಯೋ ಎಂದರೆ ನಾನು ಕಂಪನಿಯನ್ನೇ ಹೇಳುತ್ತೇನೆ. ಅಲ್ಲಿ ಟಿಕೆಟ್ ಕೊಂಡು ಬಂದ ಜನ ಬೇಸರವಾದರೆ ಎದ್ದು ಹೋಗುತ್ತಾರೆ. ಬರೆಯುವವನಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಎರಡೆರಡು ವಾರ ಮೂರು ಕಡೆ ಓಡಾಡಬೇಡಿ. ಒಂದೇ ಕಡೆ ಆರು ವಾರ ಇರಿ. ಒಂದು ನಾಟಕವನ್ನು ಮೊದಲ ಓದಿನಿಂದ ಪ್ರದರ್ಶನದ ಮರುದಿನ ಪರದೆ ಮಡಚುವವರೆಗೆ ನೋಡಿ.

ಮೂರನೆಯದು: ಕೇಳುವ ರೀತಿ

ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಒಂದೇ ಪುಟದ ಪತ್ರ ಸಾಕು. ಯಾವತ್ತಿನಿಂದ ಯಾವತ್ತಿನವರೆಗೆ, ದಿನಕ್ಕೆ ಎಷ್ಟು ತಾಸು, ನಡುವೆ ಪರೀಕ್ಷೆ ಯಾವಾಗ, ಇಷ್ಟು ಇರಲಿ. ಪ್ರದರ್ಶನದ ಹಿಂದಿನ ವಾರ ಹೋಗಬೇಡಿ, ಯಾರಿಗೂ ಪುರುಸೊತ್ತಿರುವುದಿಲ್ಲ. ತಾಲೀಮಿನ ನಡುವೆ ಚಹಾಕ್ಕೆ ಬಿಡುತ್ತಾರಲ್ಲ, ಅದು ಸರಿಯಾದ ಹೊತ್ತು. ಅಪ್ಪನನ್ನೋ ಕಾಕಾನನ್ನೋ ಕರೆದುಕೊಂಡು ಹೋಗಬೇಡಿ. ಒಮ್ಮೆ ಒಬ್ಬ ಹುಡುಗನ ಮಾಮಾ ಬಂದು ಅರ್ಧ ತಾಸು ಮಾತಾಡಿದರು. ಹುಡುಗನ ದನಿ ಹೇಗಿದೆ ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಪಾರ್ಟು ಕೇಳಬೇಡಿ. “ಪ್ರಾಂಪ್ಟ್ ಮಾಡ್ಲಿಕ್ಕೆ ಕೂಡ್ತೀನ್ರಿ” ಎಂದು ಹೇಳಿ. ಸೈಡ್ ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಸ್ಟೂಲ್ ಹಾಕಿಕೊಂಡು ಕೂತು ನಟ ಮರೆತ ಮಾತು ನೆನಪಿಸುವುದು. ಯಾರೂ ಇಷ್ಟಪಡದ ಕೆಲಸ ಅದು, ಆದ್ದರಿಂದ ಬೇಗ ಸಿಗುತ್ತದೆ.

ದುಡ್ಡಿನ ಮಾತನ್ನೂ ಮೊದಲೇ ಆಡಿ. ಬಹಳಷ್ಟು ತಂಡಗಳಿಗೆ ಸಂಬಳ ಕೊಡುವ ತಾಕತ್ತಿಲ್ಲ. ಬಸ್ಸಿನ ಖರ್ಚು ಕೇಳುವುದರಲ್ಲಿ ನಾಚಿಕೆ ಏನಿಲ್ಲ. ನಿಮ್ಮಿಂದಲೇ ದುಡ್ಡು ಕೇಳಿ ಸರ್ಟಿಫಿಕೇಟ್ ಕೊಡುವವರಿದ್ದರೆ ಅಲ್ಲಿಂದ ಎದ್ದು ಬನ್ನಿ. ತಾಲೀಮು ತಡವಾಗುತ್ತದೆ. ಹುಬ್ಬಳ್ಳಿಯಿಂದ ಬರುವವರು ಕೊನೆಯ ಚಿಗರಿ ಬಸ್ ಎಷ್ಟೊತ್ತಿಗೆ ಎಂದು ನೋಡಿಕೊಂಡು, ಅದನ್ನು ನಿರ್ದೇಶಕರಿಗೆ ಮೊದಲ ದಿನವೇ ಹೇಳಿಬಿಡಿ. ಹುಡುಗಿಯರಂತೂ ಸಂಕೋಚ ಮಾಡಲೇಬೇಡಿ.

ನಾಲ್ಕನೆಯದು: ಪ್ರಾಂಪ್ಟ್ ಪುಸ್ತಕ

ಎಲ್ಲರೂ ಎಡವುವುದು ಇಲ್ಲೇ.

ಪ್ರಾಂಪ್ಟರ್ ಎಂದರೆ ಮರೆತ ಮಾತು ನೆನಪಿಸುವವನು ಅಂತ ತಿಳಿದಿದ್ದಾರೆ. ಅದು ನಿಜವೇ. ಆದರೆ ಬರವಣಿಗೆ ಕಲಿಯುವವನಿಗೆ ಆ ಸ್ಟೂಲಿನ ಮೇಲೆ ಸಿಗುವುದು ಬೇರೆ. ಯಾವ ಸಾಲು ನಟನ ಬಾಯಲ್ಲಿ ಕೂಡುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನಿಗೆ.

ಪುಸ್ತಕ ಹೀಗೆ ಮಾಡಿಕೊಳ್ಳಿ. ಒಂದು ಉದ್ದನೆ ರೂಲ್ ನೋಟ್‌ಬುಕ್ ತನ್ನಿ. ರಟ್ಟಿನ ಹೊದಿಕೆ ಇರಲಿ. ಸುರುಳಿ ತಂತಿಯದ್ದು ಬೇಡ, ಪುಟ ತಿರುವುವಾಗ ಕರಕರ ಸದ್ದು ಮಾಡಿ ಮಾನ ತೆಗೆಯುತ್ತದೆ. ನಾಟಕದ ಪ್ರತಿಯನ್ನು ಒಂದೇ ಮಗ್ಗುಲಿಗೆ ಝೆರಾಕ್ಸ್ ಮಾಡಿಸಿ ಬಲಗಡೆ ಪುಟಕ್ಕೆ ಅಂಟಿಸಿ. ಎಡಗಡೆ ಖಾಲಿ ಬಿಡಿ. ಬರೆಯುವುದು ಪೆನ್ಸಿಲ್‌ನಿಂದ ಮಾತ್ರ, ಇವತ್ತು ಇಟ್ಟ ಹೆಜ್ಜೆ ನಾಳೆ ಬದಲಾಗುತ್ತದೆ. ಮೊಬೈಲ್‌ನಲ್ಲಿ ಪಿಡಿಎಫ್ ಇಟ್ಟುಕೊಂಡು ಕೂತವನನ್ನು ನಾನು ಆ ಸ್ಟೂಲಿನಿಂದ ಎಬ್ಬಿಸಿದ್ದೇನೆ. ಕತ್ತಲಲ್ಲಿ ಆ ಬೆಳಕು ಮೂರನೇ ಸಾಲಿನವರೆಗೆ ಕಾಣುತ್ತದೆ. ಆ ಹೊತ್ತಿಗೇ ಅವನಿಗೆ ಫೋನೂ ಬಂತು.

ಬಲಗೈ ಬೆರಳು ಯಾವಾಗಲೂ ಸಾಲಿನ ಮೇಲೆ ಓಡುತ್ತಿರಬೇಕು. ಕಣ್ಣು ಅರ್ಧ ಪುಸ್ತಕದಲ್ಲಿ, ಅರ್ಧ ನಟನ ಮೇಲೆ. ನಟ ಸುಮ್ಮನಾದ ಕೂಡಲೇ ಮಾತು ಕೊಡಬೇಡಿ. ಮೌನ ಎರಡು ಥರ. ಬೇಕೆಂದೇ ನಿಲ್ಲಿಸಿದವನ ಕಣ್ಣು ಎದುರಿನ ಪಾತ್ರದ ಮೇಲೇ ಇರುತ್ತದೆ. ಮರೆತವನ ಕಣ್ಣು ನೆಲ ನೋಡುತ್ತದೆ, ಇಲ್ಲವೇ ಸೈಡ್ ವಿಂಗ್ ಕಡೆ ತಿರುಗುತ್ತದೆ. ಮೊದಲ ವಾರ ಇದು ತಿಳಿಯುವುದಿಲ್ಲ, ಬೈಸಿಕೊಳ್ಳುತ್ತೀರಿ. ಬೈಸಿಕೊಳ್ಳಿ.

ಕೊಡುವಾಗ ಇಡೀ ಸಾಲು ಓದಬಾರದು. ಮೊದಲ ಎರಡು ಪದ ಸಾಕು, ಉಳಿದದ್ದು ನಟನಿಗೇ ಬರುತ್ತದೆ. ಪಿಸುಗುಟ್ಟಬೇಡಿ. ಪಿಸುಮಾತಿನ ‘ಸ್ ಸ್’ ಸಭಿಕರಿಗೆ ಕೇಳುತ್ತದೆ, ನಟನಿಗೆ ಮಾತು ತಿಳಿಯುವುದಿಲ್ಲ. ತಗ್ಗಿದ ದನಿಯಲ್ಲಿ, ಎದೆಯಿಂದ, ಸ್ಪಷ್ಟವಾಗಿ ಹೇಳಬೇಕು.

ಇನ್ನು ಎಡಗಡೆಯ ಖಾಲಿ ಪುಟ. ನಟ ಎಡವಿದ ಜಾಗಕ್ಕೆ ಒಂದು ಗೀಟು, ಪಕ್ಕದಲ್ಲಿ ಅವತ್ತಿನ ತಾರೀಖು. ಬೇರೆ ಪದ ಹಾಕಿ ಹೇಳಿದರೆ ಆ ಪದವನ್ನೇ ಬರೆದುಕೊಳ್ಳಿ. ಯಾರಾದರೂ ನಕ್ಕರೆ ಅದಕ್ಕೊಂದು ಸೊನ್ನೆ. ಎರಡು ವಾರವಾದ ಮೇಲೆ ಪುಟ ತಿರುವಿ ನೋಡಿ. ದಿನಕ್ಕೊಂದು ಕಡೆ ಎಡವಿದ್ದರೆ ನಟನಿಗೆ ಪಾಠ ಆಗಿಲ್ಲ. ಒಂದೇ ಜಾಗದಲ್ಲಿ ನಾಲ್ಕು ಗೀಟು ಬಿದ್ದಿದ್ದರೆ ತಪ್ಪು ಬರೆದವರದ್ದು.

ನನ್ನದೇ ಒಂದು ಉದಾಹರಣೆ ಹೇಳುತ್ತೇನೆ. ಹಿಂದೊಮ್ಮೆ ಒಂದು ನಾಟಕದಲ್ಲಿ ಮನೆ ಬಿಟ್ಟು ಹೋಗುವ ಸೊಸೆಗೆ ಹೀಗೆ ಬರೆದಿದ್ದೆ: “ನಿಮ್ಮ ವರ್ತನೆಯಿಂದ ನನಗೆ ಅತೀವ ವೇದನೆಯಾಗಿದೆ, ಆದ್ದರಿಂದ ನಾನು ಈ ಮನೆಯನ್ನು ತೊರೆಯುತ್ತಿದ್ದೇನೆ.” ಪಾರ್ಟು ಮಾಡುತ್ತಿದ್ದಾಕೆ ಐದು ದಿನ ‘ಅತೀವ’ಕ್ಕೆ ಬಂದು ನಿಲ್ಲುತ್ತಿದ್ದಳು. ಆರನೇ ದಿನ ಬೇಜಾರಾಗಿ ಅಂದಳು: “ಹೊಂಟೆ ನಾ. ಕೀಲಿಕೈ ಗೂಟಕ್ಕ ಐತಿ.” ತಾಲೀಮಿನ ಮನೆಯೆಲ್ಲ ಗಪ್ಪಾಯಿತು. ಪ್ರಾಂಪ್ಟ್ ಮಾಡುತ್ತಿದ್ದ ಹುಡುಗಿ ನನ್ನ ಮುಖ ನೋಡಿ, ಏನೂ ಕೇಳದೆ, ನನ್ನ ಸಾಲು ಹೊಡೆದು ಇದನ್ನು ಬರೆದುಕೊಂಡಳು. ಆಕೆ ಈಗ ಒಳ್ಳೆ ನಾಟಕ ಬರೆಯುತ್ತಾಳೆ.

ಐದನೆಯದು: ನಿಮ್ಮ ಸ್ವಂತದ ಬರಹ

ಆರು ವಾರದಲ್ಲಿ ಹತ್ತು ನಿಮಿಷದ ಒಂದು ದೃಶ್ಯ ಬರೆಯಿರಿ. ಎರಡೇ ಪಾತ್ರ, ಒಂದೇ ಜಾಗ. ಕಾಲೇಜಿನ ಕನ್ನಡ ಬೇಡ, ಮನೆಯಲ್ಲಿ ಅವ್ವ ಆಡುವ ಕನ್ನಡ ಇರಲಿ. ನೀವು ಓದಬೇಡಿ, ಇನ್ನಿಬ್ಬರಿಗೆ ಕೊಟ್ಟು ಓದಿಸಿ, ಪ್ರಾಂಪ್ಟ್ ಪುಸ್ತಕದ ಹಾಗೆ ಗೀಟು ಹಾಕುತ್ತಾ ಕೇಳಿ. ಮೊಬೈಲ್ ಆ್ಯಪಿಗೆ ಹೇಳಿ ದೃಶ್ಯ ಬರೆಸಿಕೊಂಡು ಬಂದವರನ್ನೂ ನೋಡಿದ್ದೇನೆ. ಅದರಲ್ಲಿ ಹುಬ್ಬಳ್ಳಿಯ ಅಜ್ಜಿ “ನಾನು ನಿನ್ನ ಭಾವನೆಗಳನ್ನು ಗೌರವಿಸುತ್ತೇನೆ” ಅನ್ನುತ್ತಾಳೆ. ಯಾವ ಓಣಿಯ ಅಜ್ಜಿ ಹಾಗಂತಾಳೆ?

ಆರನೆಯದು: ವರದಿ

ದಿನಾ ಮಲಗುವ ಮೊದಲು ಅರ್ಧ ಪುಟ ಬರೆದಿಟ್ಟಿದ್ದರೆ ವರದಿ ಎರಡು ದಿನದ ಕೆಲಸ. ಕೆಲವು ಝೆರಾಕ್ಸ್ ಅಂಗಡಿಗಳಲ್ಲಿ ರೆಡಿಮೇಡ್ ವರದಿ ಸಿಗುತ್ತದೆ, ಹೆಸರು ಬದಲಿಸಿದರೆ ಆಯಿತು. ಒಮ್ಮೆ ಹಾಗೆ ತಂದವನ ವರದಿಯಲ್ಲಿ ತಂಡದ ಹೆಸರು ನಮ್ಮದು, ನಾಲ್ಕನೇ ಪುಟದಲ್ಲಿ ‘ಗ್ರಾಹಕರ ಠೇವಣಿ’ ಎಂದಿತ್ತು. ಯಾವುದೋ ಬ್ಯಾಂಕಿನ ಇಂಟರ್ನ್‌ಶಿಪ್ಪಿನದ್ದು ಇರಬೇಕು.

ತಂಡದವರ ಪತ್ರದಲ್ಲಿ ‘ತೃಪ್ತಿಕರವಾಗಿ ಕೆಲಸ ಮಾಡಿದ್ದಾರೆ’ ಎಂದಷ್ಟೇ ಬರೆಸಿಕೊಳ್ಳಬೇಡಿ. ಯಾವ ನಾಟಕ, ಎಷ್ಟು ತಾಲೀಮು, ಎಷ್ಟು ಪ್ರದರ್ಶನ, ಏನು ಕೆಲಸ ಎಂದು ಬರೆಸಿ. ಮುಂದೆ ಸಂದರ್ಶನದಲ್ಲಿ ಕೇಳುವುದು ಅದನ್ನೇ. ವರದಿಯ ಒಂದು ಪ್ರತಿ ತಂಡಕ್ಕೂ ಕೊಡಿ.

ಪ್ರಾಂಪ್ಟ್ ಪುಸ್ತಕ ಮಾತ್ರ ನಿಮ್ಮದಲ್ಲ, ಮನೆಗೆ ಒಯ್ಯಬೇಡಿ. ನಾಟಕ ಮತ್ತೆ ಆಡುವಾಗ ತಂಡಕ್ಕೆ ಅದು ಬೇಕು. ಎಡಗಡೆಯ ಪುಟಗಳನ್ನು ನಿಮ್ಮ ಕೈಯಾರೆ ಇನ್ನೊಂದು ನೋಟ್‌ಬುಕ್ಕಿಗೆ ನಕಲು ಮಾಡಿಕೊಳ್ಳಿ. ಫೋಟೊ ಹೊಡೆದುಕೊಂಡರೆ ಮತ್ತೆ ತೆರೆದು ನೋಡುವುದಿಲ್ಲ.