ಪುಟ್ಟ ಪೈ, ಮಕ್ಕಳ ಶುಗರ್

ಶಾಲೆಯ ಬೀರುವಿನಲ್ಲೋ ಮನೆಯ ಡ್ರಾಯರಿನಲ್ಲೋ ರಾಸ್ಪ್‌ಬೆರಿ ಪೈ 4 ಎಂಬ ಅಂಗೈ ಅಗಲದ ಕಂಪ್ಯೂಟರ್ ಬೋರ್ಡು ಸುಮ್ಮನೆ ಬಿದ್ದಿದ್ದರೆ ಅದನ್ನು ಮಕ್ಕಳ ಕಂಪ್ಯೂಟರ್ ಮಾಡಲು ಒಂದು ಮಧ್ಯಾಹ್ನ ಸಾಕು. ಬೇಕಾದದ್ದು ಶುಗರ್ ಎಂಬ ಉಚಿತ ಡೆಸ್ಕ್‌ಟಾಪ್. ಮಗುವಿಗೊಂದು ಲ್ಯಾಪ್‌ಟಾಪ್ ಕೊಡುವ ಯೋಜನೆಗಾಗಿ ಹುಟ್ಟಿದ ಇದನ್ನು 2008ರಿಂದ ಶುಗರ್ ಲ್ಯಾಬ್ಸ್ ನೋಡಿಕೊಳ್ಳುತ್ತಿದೆ.

ಮೊದಲು ಚಾರ್ಜರ್. ಅನೇಕ ತೊಂದರೆಗಳು ಇಲ್ಲಿಂದಲೇ ಅನ್ನಬಹುದು. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್‌ನ ಟೈಪ್-ಸಿ ಅಡಾಪ್ಟರ್ ಬೇಕು. ಫೋನಿನ ಹಳೇ ಚಾರ್ಜರ್ ಹಾಕಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಕಾಣಿಸಿಕೊಳ್ಳುತ್ತದೆ, ಮಧ್ಯೆ ಮಧ್ಯೆ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತದೆ. ತೆಳ್ಳಗಿನ ಉದ್ದದ ಕೇಬಲ್‌ನಿಂದಲೂ ಇದೇ ಗತಿ. ತುಮಕೂರಿನಲ್ಲಿ ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. 2 ಜಿಬಿ ರ‍್ಯಾಮ್, 16 ಜಿಬಿಯ ಮೈಕ್ರೊ ಎಸ್‌ಡಿ ಕಾರ್ಡ್, ಮೈಕ್ರೊ ಎಚ್‌ಡಿಎಂಐ ಕೇಬಲ್ ಇದ್ದರೆ ಸಾಕು. ಕೇಬಲನ್ನು ಪವರ್ ಸಾಕೆಟ್ ಪಕ್ಕದ ಪೋರ್ಟ್‌ಗೇ ಚುಚ್ಚಿ.

ಬೇರೆ ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ (ಕಾರ್ಡ್‌ಗೆ ಆಪರೇಟಿಂಗ್ ಸಿಸ್ಟಂ ಬರೆಯುವ ತಂತ್ರಾಂಶ) ತೆರೆದು, ಡೆಸ್ಕ್‌ಟಾಪ್ ಇರುವ ರಾಸ್ಪ್‌ಬೆರಿ ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯನ್ನು ಕಾರ್ಡ್‌ಗೆ ಬರೆಯಿರಿ. ಬರೆಯುವ ಮುನ್ನವೇ ಸೆಟ್ಟಿಂಗ್ಸ್‌ನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್, ವೈಫೈ ವಿವರ ತುಂಬಿ. ದೇಶ ಭಾರತ ಎಂದಿರಲಿ.

ಕಾರ್ಡ್ ಹಾಕಿ ಪೈ ಆನ್ ಮಾಡಿ, ಆಜ್ಞೆ ಟೈಪಿಸುವ ಕಿಟಕಿಯಾದ ಟರ್ಮಿನಲ್ ತೆರೆಯಿರಿ. ಇಂಗ್ಲಿಷ್ ಅಕ್ಷರಗಳಲ್ಲೇ ‘sudo apt update’, ಅದು ಮುಗಿದ ಮೇಲೆ ‘sudo apt install sucrose’ ಎಂದು ಟೈಪಿಸಿ (ಸುಕ್ರೋಸ್ ಎಂಬುದು ಶುಗರ್‌ನ ಪ್ಯಾಕೇಜ್ ಹೆಸರು). ಫೈಲ್ ಇನ್ನೂ ಸಿಂಧುವಲ್ಲ ಎಂಬ ದೋಷ ಬಂದರೆ ಗಡಿಯಾರ ನೋಡಿ. ಪೈ 4ರಲ್ಲಿ ಕರೆಂಟು ಹೋದರೂ ಓಡುವ ಗಡಿಯಾರವಿಲ್ಲ, ಇಂಟರ್ನೆಟ್ ಸಿಕ್ಕ ಮೇಲೆಯೇ ಸಮಯ ಸರಿಹೋಗುವುದು. ಅಲ್ಲಿಯವರೆಗೆ ತಡೆಯಿರಿ.

ಇನ್‌ಸ್ಟಾಲ್ ಆದ ಮೇಲೆ ರೀಸ್ಟಾರ್ಟ್ ಮಾಡಿದರೂ ಹಳೆಯ ಡೆಸ್ಕ್‌ಟಾಪೇ ಬರುತ್ತದೆ. ಇದು ದೋಷವಲ್ಲ, ಯಾವುದನ್ನು ತೆರೆಯಬೇಕೆಂದು ನೀವಿನ್ನೂ ಹೇಳಿಲ್ಲ. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ವ್ಯವಸ್ಥೆಗಳು ಎರಡು: ಎಕ್ಸ್11, ವೇಲ್ಯಾಂಡ್. ಶುಗರ್ ಓಡುವುದು ಎಕ್ಸ್11 ಮೇಲೆ. ಬುಕ್‌ವರ್ಮ್ ಪೈ 4ರಲ್ಲಿ ವೇಲ್ಯಾಂಡ್‌ನಿಂದ ಶುರುವಾಗುತ್ತದೆ. ಹಾಗಾಗಿ ಪೈನ ಸೆಟ್ಟಿಂಗ್ ಬದಲಿಸುವ ತಂತ್ರಾಂಶವಾದ ರಾಸ್ಪಿ-ಕಾನ್ಫಿಗ್‌ನ (ಟರ್ಮಿನಲ್‌ನಲ್ಲಿ ‘sudo raspi-config’) ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಎಕ್ಸ್11 ಆರಿಸಿ. ಆನಂತರವೇ ಲಾಗಿನ್ ನೋಡಿಕೊಳ್ಳುವ ಲೈಟ್‌ಡಿಎಂನ ಕಾನ್ಫಿಗ್ ಫೈಲಿನಲ್ಲಿ ‘user-session’, ‘autologin-session’ ಎರಡರ ಮುಂದೆಯೂ ‘sugar’ ಎಂದು ಸಣ್ಣಕ್ಷರದಲ್ಲಿ ಬರೆಯಿರಿ. ಕ್ರಮ ಹಿಂದುಮುಂದಾದರೆ ರಾಸ್ಪಿ-ಕಾನ್ಫಿಗ್ ನಿಮ್ಮ ಬದಲಾವಣೆಯನ್ನು ಅಳಿಸಿಹಾಕುತ್ತದೆ.

ಕನ್ನಡಕ್ಕೆ ರಾಸ್ಪಿ-ಕಾನ್ಫಿಗ್‌ನ ಲೋಕಲೈಸೇಷನ್‌ನಲ್ಲಿ ಭಾರತದ ಕನ್ನಡ ಲೊಕೇಲ್ (ಭಾಷೆ-ದೇಶದ ಸೆಟ್ಟಿಂಗ್) ಸೇರಿಸಿ, ಶುಗರ್‌ನ ಮೈ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಬದಲಿಸಿ. ಅಕ್ಷರದ ಬದಲು ಚೌಕಗಳು ಕಂಡರೆ ಫಾಂಟ್ ಇಲ್ಲವೆಂದು ಅರ್ಥ. ‘ಫಾಂಟ್ಸ್-ಗುಬ್ಬಿ’ (fonts-gubbi) ಪ್ಯಾಕೇಜ್ ಹಾಕಿ. ಗುಬ್ಬಿ ಊರಿರುವ ನಮ್ಮ ತುಮಕೂರು ಜಿಲ್ಲೆಯವರು ಈ ಹೆಸರನ್ನು ಮರೆಯುವ ಹಾಗಿಲ್ಲ! ಎಲ್ಲ ಪದಗಳೂ ಕನ್ನಡಕ್ಕೆ ಬಂದಿಲ್ಲ, ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ.

ಮೊದಲ ಸಲ ಶುಗರ್ ಹೆಸರು, ಬಣ್ಣ ಕೇಳುತ್ತದೆ. ಎಫ್3 ಒತ್ತಿದರೆ ಮನೆ, ಎಫ್6 ಒತ್ತಿದರೆ ಸುತ್ತಲಿನ ಚೌಕಟ್ಟು. ‘ಸೇವ್’ ಎಲ್ಲಿದೆ ಎಂದು ಹುಡುಕುವುದು ದೊಡ್ಡವರೇ. ಇಲ್ಲಿ ಮಗು ಮಾಡಿದ ಕೆಲಸ ಜರ್ನಲ್‌ಗೆ ತಾನಾಗಿ ಸೇರುತ್ತದೆ. ಆದರೆ ನೇರವಾಗಿ ಸ್ವಿಚ್ ಆರಿಸಬೇಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡಿನ ಫೈಲ್‌ಗಳು ಕೆಡಬಹುದು. ನಡುವಿನ ಗೊಂಬೆಯ ಮೇಲೆ ಬಲ ಕ್ಲಿಕ್ ಮಾಡಿ ಶಟ್‌ಡೌನ್ ಕೊಡಿ, ಹಸಿರು ದೀಪದ ಮಿನುಗು ನಿಂತ ಮೇಲೆ ಸ್ವಿಚ್ ಮುಟ್ಟಿ. ಕರೆಂಟು ಪದೇ ಪದೇ ಕೈಕೊಡುವ ಊರಾದರೆ ಪೈ, ಮಾನಿಟರ್ ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಎಲ್ಲ ಸರಿಹೋದ ದಿನವೇ ಕಾರ್ಡಿನ ಒಂದು ನಕಲು ತೆಗೆದಿಡಿ.