ಗೋವಾಕ್ಕೆ ಬರುವ ಮೊದಲು ಕ್ಯಾಲೆಂಡರ್‌ನಲ್ಲಿ ತಿಥಿ ನೋಡಿ

ಗೋವಾಕ್ಕೆ ಬರುವ ನಮ್ಮ ಜನ ಮೊದಲು ಕೇಳುವುದು ಯಾವ ಬೀಚ್ ಚೆನ್ನಾಗಿದೆ ಅಂತ. ನಾನು ತಿರುಗಿ ಕೇಳುವುದು ಯಾವ ದಿನ ಬರುತ್ತೀರಿ ಅಂತ. ಅವತ್ತಿನ ತಿಥಿ ಗೊತ್ತಾದರೆ ಬೆಳಿಗ್ಗೆ ಎಲ್ಲಿಗೆ, ಸಂಜೆ ಎಲ್ಲಿಗೆ ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ. ನಮ್ಮ ಊರು ಹುಬ್ಬಳ್ಳಿ ಕಡೆ, ವಾಸ್ಕೋದಲ್ಲಿ ಮನೆ ಮಾಡಿ ವರ್ಷಗಳೇ ಆದವು. ದೀಪಾವಳಿ ಕಳೆದರೆ ಶುರು, ಬೇಸಿಗೆ ರಜೆ ಮುಗಿಯುವವರೆಗೆ ಊರಿನಿಂದ ಯಾರಾದರೂ ಬರುತ್ತಲೇ ಇರುತ್ತಾರೆ. ಅವರನ್ನು ತಿರುಗಾಡಿಸುವ ಕೆಲಸ ನನ್ನದು. ಅದು ನನಗೆ ತುಂಬಾ ಇಷ್ಟದ ಕೆಲಸ ಕೂಡ.

ಬಂದವರಲ್ಲಿ ಹೆಚ್ಚಿನವರು ಸಮುದ್ರ ನೋಡಿದ್ದೇ ಕಮ್ಮಿ. ಕೆರೆ ಗೊತ್ತು, ಕಾಲುವೆ ಗೊತ್ತು. ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ ಅನ್ನುವುದು ಶಾಲೆಯಲ್ಲಿ ಓದಿದ ಮಾತು ಅಷ್ಟೇ. ಆದರೆ ಇಲ್ಲಿ ಎಲ್ಲಾ ನಿಂತಿರುವುದೇ ಅದರ ಮೇಲೆ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಇವತ್ತು ನೀರು ಏರಿದ ಹೊತ್ತಿಗಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಅಷ್ಟಮಿ ಸುತ್ತ ಎರಡೂ ಕಮ್ಮಿ. ನಮ್ಮ ಕಡೆ ಅಮಾವಾಸ್ಯೆ ಸುಮಾರಿಗೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ನೀರು ತುಂಬಿರುತ್ತದೆ, ನಸುಕಿನಲ್ಲಿ ಮತ್ತು ಸಂಜೆ ಇಳಿದಿರುತ್ತದೆ. ಇದು ಅಂದಾಜು ಮಾತ್ರ. ಹೊರಡುವ ಹಿಂದಿನ ರಾತ್ರಿ ಮುರ್ಮಗೋವಾ ಬಂದರಿನ ಉಬ್ಬರ-ಇಳಿತದ ಪಟ್ಟಿಯನ್ನು ಮೊಬೈಲ್‌ನಲ್ಲಿ ನೋಡಿಕೊಂಡೇ ಮಲಗುತ್ತೇನೆ.

ಅಮಾವಾಸ್ಯೆ ಹತ್ತಿರ ಬಂದವರಿಗೆ ಅಂಜುನಾ ಕಲ್ಲುಬಂಡೆಗಳನ್ನು ತೋರಿಸದೆ ಕಳಿಸುವುದಿಲ್ಲ. ಹೌದು, ಅಂಜುನಾ ಅಂದರೆ ಎಲ್ಲರಿಗೂ ಪಾರ್ಟಿ ನೆನಪಾಗುತ್ತದೆ. ಆದರೆ ಸಂಜೆ ನೀರು ಇಳಿದಾಗ ಅಲ್ಲಿನ ಕೆಂಪು-ಕಪ್ಪು ಬಂಡೆಗಳ ನಡುವೆ ಸಣ್ಣ ಸಣ್ಣ ಗುಂಡಿಗಳಲ್ಲಿ ನೀರು ನಿಂತಿರುತ್ತದಲ್ಲ, ಅಲ್ಲಿ ಕುಕ್ಕರುಗಾಲಲ್ಲಿ ಕೂತು ಸುಮ್ನೆ ಐದು ನಿಮಿಷ ನೋಡಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಶಂಖದ ಚಿಪ್ಪೊಂದು ನಡೆಯತೊಡಗುತ್ತದೆ, ಅದರೊಳಗೆ ಸನ್ಯಾಸಿ ಏಡಿ. ಬೆರಳಿನಷ್ಟು ಸಣ್ಣ ಮೀನುಗಳು ಕಲ್ಲಿನ ಬಣ್ಣದಲ್ಲೇ ಇರುತ್ತವೆ, ಅಲುಗಾಡಿದರೆ ಮಾತ್ರ ಗೊತ್ತಾಗುವುದು. ಗುಂಡಿಯ ಅಂಚಿನಲ್ಲಿ ಕಡಲ ಹೂವು (ಸೀ ಅನೆಮನಿ ಅನ್ನುವ ಪ್ರಾಣಿ) ತನ್ನ ಮೆತ್ತನೆ ಎಳೆಗಳನ್ನು ಬಿಚ್ಚಿಕೊಂಡಿರುತ್ತದೆ, ಏನಾದರೂ ತಾಗಿದರೆ ಒಳಗೆ ಎಳೆದುಕೊಳ್ಳುತ್ತದೆ. ಬಂಡೆಯ ಮೇಲೆ ಅಲ್ಲಲ್ಲಿ ಹಸಿರು ಬಟನ್‌ಗಳನ್ನು ಒತ್ತೊತ್ತಾಗಿ ಹೊಲಿದ ಬಟ್ಟೆಯ ಹಾಗೆ ಒಂದು ಹಾಸು ಕಾಣುತ್ತದೆ. ಅದು ಪಾಚಿ ಅಲ್ಲ, ಜೊವಾಂತಿಡ್ ಅನ್ನುವ ಪ್ರಾಣಿಗಳ ಗುಂಪು, ಹವಳದ ನೆಂಟರು. ಅವುಗಳಲ್ಲಿ ಕೆಲವಕ್ಕೆ ವಿಷ ಇರುತ್ತದೆ, ಮುಟ್ಟಬೇಡಿ, ತುಳಿಯಲೂ ಬೇಡಿ. ಕಲ್ಲು ಎತ್ತಿ ನೋಡುವುದು, ಚಿಪ್ಪು ಜೇಬಿಗೆ ಹಾಕಿಕೊಳ್ಳುವುದು ನನ್ನ ಜೊತೆ ಬಂದವರಿಗೆ ಇಲ್ಲ. ಆ ಚಿಪ್ಪು ಇನ್ನೊಂದು ಏಡಿಯ ಮನೆ, ಅಲ್ವಾ?

ಹವಾಯಿ ಚಪ್ಪಲಿ ಅಲ್ಲಿ ನಡೆಯುವುದಿಲ್ಲ. ಪಾಚಿ ಇರುವ ಬಂಡೆ ಜಾರುತ್ತದೆ, ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟೇ ಹರಿತ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿಕೊಂಡು ಬನ್ನಿ.

ದಕ್ಷಿಣಕ್ಕೆ ಹೋದರೆ ಪಾಳೋಳೆಂ ಬೀಚಿನ ಉತ್ತರ ತುದಿಯಲ್ಲಿ ಒಂದು ಸಣ್ಣ ದ್ವೀಪ ಇದೆ. ನೀರು ಚೆನ್ನಾಗಿ ಇಳಿದಾಗ ನಡೆದೇ ದಾಟಬಹುದು. ಮಕ್ಕಳಿಗೆ ಅದೊಂದು ದೊಡ್ಡ ಸಾಹಸ. ಆದರೆ ಇಳಿತ ಮುಗಿಯುವ ಮೊದಲೇ ಹೋಗಿ, ನೀರು ತಿರುಗಿದ ಕೂಡಲೇ ವಾಪಸ್ ಬಂದುಬಿಡಬೇಕು. ಹೋಗುವಾಗ ಮೊಣಕಾಲಿಗಿದ್ದ ನೀರು ಬರುವಾಗ ಎದೆಗೆ ಬಂದರೆ ಈಜು ಬಾರದವರು ಆಚೆಯೇ ಉಳಿಯಬೇಕಾಗುತ್ತದೆ.

ನನಗೆ ಮನಸ್ಸಿಗೆ ಹತ್ತಿರದ ಜಾಗ ಚೋಡಣ ದ್ವೀಪ. ಪಣಜಿ ಪಕ್ಕದ ರಾಯಬಂದರಿನಿಂದ ಫೆರಿ ಹತ್ತಿದರೆ ಕೆಲವೇ ನಿಮಿಷ. ಫೆರಿಯಲ್ಲಿ ನಿಂತಾಗ ಊರಿನವರಿಗೆ ಹೇಳುತ್ತೇನೆ, ಇದು ನಮ್ಮ ಖಾನಾಪುರ ತಾಲೂಕಿನಲ್ಲಿ ಹುಟ್ಟಿದ ಮಹದಾಯಿ, ಇಲ್ಲಿಗೆ ಬಂದು ಮಾಂಡವಿ ಆಗಿದೆ ಅಂತ. ಎಲ್ಲರೂ ಇನ್ನೊಂದು ಸಲ ನೀರಿನ ಕಡೆ ನೋಡುತ್ತಾರೆ. ಇಳಿದ ಜಾಗದ ಪಕ್ಕದಲ್ಲೇ ಸಲೀಂ ಅಲಿ ಪಕ್ಷಿಧಾಮ. ದೊಡ್ಡದಲ್ಲ, 1.78 ಚದರ ಕಿಲೋಮೀಟರ್ ಅಷ್ಟೇ, ಬಹುಪಾಲು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನೀರು ಏರಿದಾಗ ದೋಣಿಯಲ್ಲಿ ಕಾಂಡ್ಲಾ ಗಿಡಗಳ ನಡುವಿನ ಕಾಲುವೆಗಳೊಳಗೆ ಹೋಗಬಹುದು. ನೀರು ಇಳಿದಾಗ ದೋಣಿ ಬೇಡ, ಕಾಲುದಾರಿಯಲ್ಲೇ ನಡೆಯಿರಿ, ಕೆಸರಿನ ಸಂಸಾರ ಪೂರ್ತಿ ಹೊರಗೆ ಬಂದಿರುತ್ತದೆ. ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರುಬೇರುಗಳು, ಅವುಗಳ ನಡುವೆ ಕುಪ್ಪಳಿಸುವ ಕೆಸರುಮೀನುಗಳು. ಗಂಡು ಪಿಟೀಲು ಏಡಿಗೆ ಒಂದು ಕೊಂಬು, ಅಂದರೆ ಇಕ್ಕುಳದಂಥ ಕೈ, ಮೈಯಷ್ಟೇ ದೊಡ್ಡದು, ಇನ್ನೊಂದು ಕಡ್ಡಿಯಷ್ಟು. ದೊಡ್ಡದನ್ನು ಎತ್ತಿ ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತದೆ, ಸಣ್ಣದರಿಂದ ಕೆಸರು ಎತ್ತಿ ತಿನ್ನುತ್ತದೆ. ನಿಮ್ಮ ಹೆಜ್ಜೆ ಅದುರಿದರೆ ಎಲ್ಲಾ ಬಿಲದೊಳಗೆ. ಅಲುಗಾಡದೆ ನಿಂತುಬಿಡಿ, ಒಂದೊಂದಾಗಿ ವಾಪಸ್ ಬರುತ್ತವೆ. ಗದ್ದಲದ ಮಕ್ಕಳು ಉಸಿರು ಬಿಗಿಹಿಡಿದು ನಿಲ್ಲುವುದನ್ನು ನಾನು ನೋಡಿದ್ದು ಅಲ್ಲೇ. ಹಕ್ಕಿಗಳು ಬೇಕಿದ್ದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ, ಬೆಳಿಗ್ಗೆ ಬೇಗ ಬನ್ನಿ. ಬಿಳಿ ಕೊರಳಪಟ್ಟಿಯ ಮಿಂಚುಳ್ಳಿಯನ್ನು ಹುಡುಕಿ, ಕಾಂಡ್ಲಾ ಕೊಂಬೆ ಅದಕ್ಕೆ ಇಷ್ಟದ ಜಾಗ.

ಅದೇ ದ್ವೀಪದಲ್ಲಿ ಖಾಜನ್ ಗದ್ದೆಗಳಿವೆ. ಕುಮಟಾ ಕಡೆಯವರು ನೋಡಿದ ಕೂಡಲೇ ನಮ್ಮ ಗಜನಿ ಅಂತಾರೆ. ಮಣ್ಣಿನ ಒಡ್ಡು ಹಾಕಿ ಉಪ್ಪುನೀರನ್ನು ತಡೆದು ಭತ್ತ ಬೆಳೆಯುವುದು. ಒಡ್ಡಿನಲ್ಲಿ ಮರದ ಬಾಗಿಲು ಇರುತ್ತದೆ, ಉಬ್ಬರ ಬಂದರೆ ನೀರಿನ ಒತ್ತಡಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ, ಇಳಿತಕ್ಕೆ ತಾನೇ ತೆರೆದುಕೊಳ್ಳುತ್ತದೆ. ಯಾರೂ ನಿಂತು ಕಾಯಬೇಕಿಲ್ಲ.

ಇನ್ನು ನೀರಿಗೆ ಇಳಿಯುವ ವಿಷಯ. ಇದನ್ನು ನಾನು ಮರಳಿನ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೇಳುತ್ತೇನೆ, ಯಾರಿಗೆ ಬೇಜಾರಾದರೂ ಸರಿ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲೇಬೇಕು. ಎಲ್ಲಾ ಕಡೆಯಿಂದ ಸಮನಾಗಿ ಹೋಗುವುದಿಲ್ಲ, ಮರಳು ತಗ್ಗಾಗಿರುವ ಒಂದು ಕಡೆ ದಾರಿ ಮಾಡಿಕೊಂಡು ಜೋರಾಗಿ ಒಳಗೆ ಹೋಗುತ್ತದೆ. ಅಲ್ಲಿ ಆಳ ಜಾಸ್ತಿ ಇರುವುದರಿಂದ ಅಲೆ ಒಡೆಯುವುದಿಲ್ಲ. ಎಡಕ್ಕೂ ಬಲಕ್ಕೂ ಬಿಳಿ ನೊರೆ, ನಡುವೆ ಒಂದು ಪಟ್ಟೆ ಮಾತ್ರ ಶಾಂತ. ಈಜು ಬಾರದವರು, ಮಗು ಎತ್ತಿಕೊಂಡವರು ಇಲ್ಲಿ ಅಲೆ ಕಮ್ಮಿ ಅಂತ ಆ ಶಾಂತ ಪಟ್ಟೆಗೇ ಇಳಿಯುತ್ತಾರೆ. ಅದೇ ಎಲ್ಲಕ್ಕಿಂತ ಅಪಾಯದ ಜಾಗ. ನೀರು ಇಳಿಯುವ ಹೊತ್ತಿನಲ್ಲಿ ಸಾಮಾನ್ಯವಾಗಿ ಈ ಸೆಳೆತ ಇನ್ನೂ ಜೋರು. ಮಳೆಗಾಲ ಮುಗಿದ ಹೊಸದರಲ್ಲಿ, ಅಂದರೆ ಅಕ್ಟೋಬರ್‌ನಲ್ಲಿ, ಮರಳಿನ ದಿಬ್ಬಗಳು ಇನ್ನೂ ಸರಿಯಾಗಿ ಕೂತಿರುವುದಿಲ್ಲ, ಆಗಲೂ ಜೋಪಾನ. ಸಿಕ್ಕಿಕೊಂಡರೆ ದಡದ ಕಡೆ ಮುಖ ಮಾಡಿ ಕೈಕಾಲು ಬಡಿಯಬೇಡಿ, ಸುಸ್ತಾಗಿಯೇ ಮುಳುಗುವುದು. ಮೈ ಸಡಿಲ ಬಿಟ್ಟು ತೇಲಿ, ಕೈ ಎತ್ತಿ ಕೂಗಿ, ಈಜು ಬಂದರೆ ದಡದ ಉದ್ದಕ್ಕೆ, ಅದಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಸರಿಯಿರಿ. ಆ ಸೆಳೆತದ ಅಗಲ ಜಾಸ್ತಿ ಇರುವುದಿಲ್ಲ.

2008ರಿಂದ ಗೋವಾದ ಬೀಚ್‌ಗಳಲ್ಲಿ ಜೀವರಕ್ಷಕರು ಇದ್ದಾರೆ. ಅವರು ಕೆಂಪು-ಹಳದಿ ಬಾವುಟ ನೆಟ್ಟ ಕಡೆ, ಎರಡು ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಪೂರ್ತಿ ಕೆಂಪು ಬಾವುಟ ಇದ್ದರೆ ಇಳಿಯಲೇಬೇಡಿ. ಅವರು ಸೀಟಿ ಹೊಡೆದಾಗ ನಮ್ಮವರಿಗೆ ಸಿಟ್ಟು ಬರುತ್ತದೆ, ದುಡ್ಡು ಕೊಟ್ಟು ಬಂದಿದ್ದೇವೆ ಅನ್ನುತ್ತಾರೆ. ಆ ಹುಡುಗರು ಇಡೀ ದಿನ ಬಿಸಿಲಲ್ಲಿ ನಿಂತಿರುವುದು ನಿಮ್ಮ ಮಗಳನ್ನು ನಿಮ್ಮ ಜೊತೆ ವಾಪಸ್ ಊರಿಗೆ ಕಳಿಸುವುದಕ್ಕೆ. ಕುಡಿದವರನ್ನು ನಾನು ನೀರಿಗೆ ಬಿಡುವುದಿಲ್ಲ. ನೆಂಟಸ್ತಿಕೆ ಕೆಟ್ಟರೂ ಚಿಂತೆ ಇಲ್ಲ.

ದೋಣಿ, ಕಯಾಕ್ ಎಲ್ಲಾ ಬೆಳಿಗ್ಗೆಯೇ ಮುಗಿಸಿಬಿಡುತ್ತೇನೆ. ಬೆಳಗಿನ ಹೊತ್ತು ಸಮುದ್ರ ತಣ್ಣಗಿರುತ್ತದೆ, ಮಧ್ಯಾಹ್ನ ನೆಲ ಕಾದ ಮೇಲೆ ಸಮುದ್ರದಿಂದ ಗಾಳಿ ಎದ್ದು ಅಲೆ ಹೆಚ್ಚಾಗುತ್ತದೆ, ಅಭ್ಯಾಸ ಇಲ್ಲದವರಿಗೆ ವಾಂತಿ. ಡಾಲ್ಫಿನ್ ಕಂಡಾಗ ಇಂಜಿನ್ ನಿಲ್ಲಿಸಿ ಅಂತ ದೋಣಿಯವರಿಗೆ ಹತ್ತುವಾಗಲೇ ಹೇಳಿ. ಬೆನ್ನಟ್ಟಿದರೆ ಅವು ಮುಳುಗಿ ಹೋಗುತ್ತವೆ, ಸುಮ್ಮನಿದ್ದರೆ ತಾವಾಗಿ ಹತ್ತಿರ ಬರುವುದೂ ಉಂಟು. ಚಳಿಗಾಲದಲ್ಲಿ ಆಗೊಂದ, ಗಾಲ್ಜಿಬಾಗ, ಮೋರ್ಜಿ ಕಡೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ, ಅರಣ್ಯ ಇಲಾಖೆಯವರು ಗೂಡಿಗೆ ಬೇಲಿ ಹಾಕಿರುತ್ತಾರೆ. ರಾತ್ರಿ ಅಲ್ಲಿ ಟಾರ್ಚ್, ಮೊಬೈಲ್ ಬೆಳಕು ಬೇಡವೇ ಬೇಡ. ಮೊಟ್ಟೆಯೊಡೆದು ಬಂದ ಮರಿ ಬೆಳಕು ಕಂಡ ಕಡೆ ಹೋಗುತ್ತದೆ, ಸಮುದ್ರದ ದಾರಿ ತಪ್ಪುತ್ತದೆ.

ದೂಧಸಾಗರ ಜಲಪಾತ ಕೇಳುವವರಿಗೆ ಒಂದೇ ಮಾತು. ಹುಬ್ಬಳ್ಳಿಯಿಂದ ಹಗಲು ರೈಲಿನಲ್ಲಿ ಬಂದರೆ ಕಿಟಕಿಯಿಂದಲೇ ಕಾಣುತ್ತದೆ. ಹಳಿ ಮೇಲೆ ನಡೆಯುವುದಕ್ಕೆ ಬಿಡುವುದಿಲ್ಲ, ಜೀಪು ಬೇಕಿದ್ದರೆ ಕುಳೆಂನಿಂದ, ಅದೂ ಮಳೆ ನಿಂತ ಮೇಲೆ.

ಮಳೆಗಾಲದಲ್ಲಿ ಬರುವವರನ್ನು ಸಮುದ್ರದ ಹತ್ತಿರ ಕರೆದುಕೊಂಡು ಹೋಗುವುದೇ ಇಲ್ಲ, ದೂರದಿಂದ ನೋಡಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಾಟಗಳೂ ಬಂದ್. ಆಗ ಓಲ್ಡ್ ಗೋವಾದಿಂದ ಫೆರಿ ದಾಟಿ ದಿವಾಡಿ ದ್ವೀಪಕ್ಕೆ ಹೋಗುತ್ತೇವೆ, ಹಸಿರು ಗದ್ದೆಗಳ ನಡುವೆ ನೇರ ರಸ್ತೆ, ಸೈಕಲ್ ತುಳಿಯಲು ಅದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ. ಆಗಸ್ಟ್‌ನ ನಾಲ್ಕನೇ ಶನಿವಾರ ಅಲ್ಲಿ ಬೊಂದೇರಾಂ ಹಬ್ಬ, ಅವತ್ತು ಫೆರಿಗೆ ಉದ್ದ ಸಾಲು ಇರುತ್ತದೆ, ಬೆಳಿಗ್ಗೆಯೇ ದಾಟಿಬಿಡಿ.